ಮೇಷ್ಟ್ರು ಮೇಲೆ ಹೋದ ಪ್ರಸಂಗ

ತನ್ನ ಮನೆಯವರಿಗೂ ನೆಂಟರಿಷ್ಟರಿಗೂ ಕಿವಿ ಇರುವುದು ಕನ್ನಡಕ ಸಿಕ್ಕಿಸಿಕೊಳ್ಳುವುದಕ್ಕೆ ಮಾತ್ರ ಎಂಬುದು ಬ್ಯಾಂಡ್ ಮೇಷ್ಟ್ರ ಬಹುಕಾಲದ ದೂರು. ಸಂಗೀತ ಬಲ್ಲವರ ಮನೆಯಲ್ಲಿ ಹುಟ್ಟಿ, ಸಂಗೀತದ ಗಂಧಗಾಳಿ ಇಲ್ಲದವರ ನಡುವೆ ಬದುಕಬೇಕಾಗಿ ಬಂದ ದುರಂತ ನಾಯಕ ತಾನು ಎಂದು ಅವರು ದಿನಕ್ಕೊಮ್ಮೆಯಾದರೂ, ಸಾಮಾನ್ಯವಾಗಿ ಊಟಕ್ಕೆ ಕೂತಾಗ, ಘೋಷಿಸುತ್ತಿದ್ದರು. ಹೆಂಡತಿ ಬಡಿಸುತ್ತಾ "ಹೂಂ" ಎನ್ನುತ್ತಿದ್ದಳು. ಆ "ಹೂಂ" ಕೂಡ ಶ್ರುತಿಯಲ್ಲಿಲ್ಲವಲ್ಲ ಎಂದು ಮೇಷ್ಟ್ರು ಇನ್ನಷ್ಟು ನೊಂದುಕೊಳ್ಳುತ್ತಿದ್ದರು.

ಬ್ಯಾಂಡು ಅವರ ತಂದೆಯ ಕಾಲದ್ದು. ವಾದ್ಯಗಳೂ ಆ ಕಾಲದವೇ. ತಿಕ್ಕಿ ತಿಕ್ಕಿ ಅವುಗಳ ಹಿತ್ತಾಳೆ ಎಷ್ಟು ಹೊಳೆಯುತ್ತಿತ್ತೆಂದರೆ ಅದರಲ್ಲಿ ಮುಖ ನೋಡಿಕೊಂಡು ಮೀಸೆ ಕತ್ತರಿಸಿಕೊಳ್ಳಬಹುದಿತ್ತು. (ಮೇಷ್ಟ್ರು ಕತ್ತರಿಸಿಕೊಳ್ಳುತ್ತಲೂ ಇದ್ದರು.) ಭುಜದ ಮೇಲೆ ಚಿನ್ನದ ಬಣ್ಣದ ಕುಚ್ಚು, ಎದೆಗೆ ಅಡ್ಡಡ್ಡ ಹುರಿ, ತಲೆಗೆ ಎತ್ತರದ ಟೋಪಿ ಧರಿಸಿ ಮೇಷ್ಟ್ರು ಬೀದಿಗಿಳಿದರೆ ಯಾವುದೋ ದೇಶ ಗೆದ್ದು ಬಂದವರ ಹಾಗೆ ಕಾಣುತ್ತಿದ್ದರು. ಅವರ ಹತ್ತಿರ ಎರಡು ಕೋಲುಗಳಿದ್ದವು. ಒಂದು ಕೈಯಲ್ಲಿ, ತಾಳ ತೋರಿಸುವುದಕ್ಕೆ. ಇನ್ನೊಂದು ಬಾಯಲ್ಲಿ. ಪೆಟ್ಟು ಬೀಳುತ್ತಿದ್ದದ್ದು ಎರಡನೆಯದರಿಂದ.

"ಏನಯ್ಯಾ, ಕ್ಲಾರಿಯೊನೆಟ್ ಊದ್ತಿದೀಯಾ, ಒಲೆ ಊದ್ತಿದೀಯಾ?"

"ಆ ಡ್ರಮ್ಮಿಗೆ ಬಾಯಿ ಇದ್ದಿದ್ರೆ ಇಷ್ಟು ಹೊತ್ತಿಗೆ ಪೊಲೀಸ್ ಸ್ಟೇಷನ್ನಿಗೆ ಹೋಗಿ ನಿನ್ನ ಮೇಲೆ ದೂರು ಕೊಟ್ಟಿರೋದು!"

ಇಂಥವು ದಿನಬಳಕೆಯವು. ವಿಶೇಷ ಸಂದರ್ಭಗಳಲ್ಲಿ ವಾದಕರ ತಾತ ಮುತ್ತಾತಂದಿರನ್ನೂ ಕರೆಸುತ್ತಿದ್ದರು.

ಆ ವರ್ಷ ಬ್ಯಾಂಡಿಗೆ ಕಷ್ಟಕಾಲ. ಯಾರ ಮನೆಯ ಸಂಭ್ರಮವಾದರೂ ಜನ ಲಾರಿಯ ಮೇಲೆ ಬೀರುವಿನಷ್ಟು ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನು ಪೇರಿಸಿಕೊಂಡು ಬರುತ್ತಿದ್ದರು. ಒಂದು ಗುಂಡಿ ಒತ್ತಿದರೆ ಸಾಕು, ನೂರು ವಾದ್ಯ ಮೊಳಗುತ್ತಿತ್ತು. ಅದಕ್ಕೆ ಟೀ ಕೊಡಿಸಬೇಕಾಗಿಯೂ ಇರಲಿಲ್ಲ. ಮನೆ ನಡೆಯುತ್ತಿದ್ದದ್ದು ಹೆಂಡತಿಯ ಹೊಲಿಗೆ ಮೆಷಿನ್ನಿನಿಂದ. ವಾದ್ಯಗಳನ್ನು ಮಾರಿಬಿಡುವುದೇ ವಾಸಿಯೇನೋ ಎಂದು ಮೇಷ್ಟ್ರು ಒಮ್ಮೆ ಬಾಯಿಬಿಟ್ಟು ಅಂದೂ ಬಿಟ್ಟಿದ್ದರು. ಅಂದ ದಿನ ಊಟ ಬಿಟ್ಟು ಮಲಗಿದ್ದರು.

ಅಂಥದ್ದರಲ್ಲಿ ದೊಡ್ಡ ಬೀದಿಯ ಬಟ್ಟೆ ಅಂಗಡಿಯ ಯಜಮಾನರಿಂದ ಕರೆ ಬಂತು. ಮೂರು ಮಹಡಿಯ ಹೊಸ ಮಳಿಗೆ, ಒಳಗೆ ಊರಿಗೇ ಮೊದಲನೆಯದಾದ ಎಸ್ಕಲೇಟರು. ಅದರ ಉದ್ಘಾಟನೆಗೆ ಹಳೇ ಕಾಲದ ಬ್ಯಾಂಡೇ ಬೇಕು ಎಂಬುದು ಯಜಮಾನರ ಹಟ. "ನಮ್ಮದು ಊರೂರಿಗೆ ಅಂಗಡಿ ತೆರೀತಾ ಇರ್ತದೆ ಮೇಷ್ಟ್ರೇ. ಇದೊಂದು ಚೆನ್ನಾಗಿ ಆಗ್ಲಿ, ಎಲ್ಲಾ ಕಡೆ ನೀವೇ."

ಮೇಷ್ಟ್ರು ಮನೆಗೆ ಬಂದು ವಾದ್ಯಗಳ ಕೋಣೆಯ ಬಾಗಿಲು ತೆರೆದು ಒಂದೊಂದನ್ನೂ ಮುಟ್ಟಿ ನೋಡಿದರು. ಮರುದಿನವೇ ವಾದಕರನ್ನು ಕರೆದು ಅಭ್ಯಾಸ ಶುರುಮಾಡಿದರು. ಖುಷಿ ಜಾಸ್ತಿಯಾಗಿ ಬೈಗುಳವೂ ಜಾಸ್ತಿಯಾಯಿತು. ಅರ್ಧ ಗಂಟೆಯಾದ ಮೇಲೆ ಕ್ಲಾರಿಯೊನೆಟ್ಟಿನ ಮುದುಕ ವಾದ್ಯವನ್ನು ಮೆಲ್ಲಗೆ ಕುರ್ಚಿಯ ಮೇಲಿಟ್ಟು ಎದ್ದು ನಿಂತ.

"ಸಾರ್, ನಾವು ಸೇತುವೆ ಆಚೆ ಬ್ಯಾಂಡಿಗೆ ಸೇರ್ಕೋತೀವಿ."

"ಯಾಕೆ? ಆ ಮನುಷ್ಯನಿಗೆ ಸಂಗೀತದ ತಲೆಬುಡ ಗೊತ್ತಾ?"

"ಇಲ್ಲ ಸಾರ್. ಆದ್ರೆ ಬೈಯೋಕೂ ಬರಲ್ಲ."

ಅವನ ಹಿಂದೆ ಟ್ರಂಪೆಟ್ಟು, ಅದರ ಹಿಂದೆ ಟ್ರಾಂಬೋನು, ಡ್ರಮ್ಮುಗಳು, ತಾಳ, ಎಲ್ಲರೂ ಸಾಲಾಗಿ ಹೊರಟುಹೋದರು. ಅವರು ಅಷ್ಟು ಒಗ್ಗಟ್ಟಾಗಿ ಹೆಜ್ಜೆ ಹಾಕಿದ್ದನ್ನು ಮೇಷ್ಟ್ರು ನೋಡಿದ್ದು ಅದೇ ಮೊದಲು.

ಆ ದಿನ ಊಟಕ್ಕೆ ಕೂತಾಗ ದುರಂತ ನಾಯಕ ಏನನ್ನೂ ಘೋಷಿಸಲಿಲ್ಲ.

"ಬ್ಯಾಂಡ್ ಮುಚ್ಚಿದ ಹಾಗೇ ಕಣೇ," ಎಂದರು ಕೊನೆಗೆ. "ಎರಡು ವಾರದಲ್ಲಿ ಎಲ್ಲಿಂದ ತರಲಿ ಜನಾನ?"

ಹೆಂಡತಿ ಸೌಟು ಕೆಳಗಿಟ್ಟಳು. "ನಾವಿಲ್ವಾ?"

"ಯಾರು ನಾವು?"

"ನಾನು, ಮಗಳು, ಅಮ್ಮ, ನನ್ನ ತಮ್ಮ. ನಿಮ್ಮ ಅಕ್ಕ, ಭಾವನವರಿಗೂ ಹೇಳಿದ್ರೆ ಬರ್ತಾರೆ. ಆರು ಜನ ಆಯ್ತಲ್ಲ."

ಮೇಷ್ಟ್ರಿಗೆ ಅಷ್ಟು ದುಃಖದಲ್ಲೂ ನಗು ಬಂತು. ನಕ್ಕಿದ್ದು ತಪ್ಪಾಯಿತು. ಮೂಲೆಯಲ್ಲಿ ಕೂತಿದ್ದ ಅತ್ತೆಯವರು ತಲೆ ಎತ್ತಿದರು. ಅವರು ಬ್ರೆಡ್ ಕಾರ್ಖಾನೆಯಲ್ಲಿ ಹಿಟ್ಟು ನಾದಿ ನಾದಿ ನಿವೃತ್ತರಾದವರು; ತೋಳು ಇನ್ನೂ ನಿವೃತ್ತವಾಗಿರಲಿಲ್ಲ.

"ಯಾಕೆ ಅಳಿಯಂದಿರೇ, ನಗು? ನಾವೇನು ಕಲ್ಲುಗುಂಡಾ?"

"ಹಾಗಲ್ಲ ಅತ್ತೆ, ಸಂಗೀತ ಅಂದ್ರೆ..."

"ಬಡಿಯೋದು ತಾನೇ? ಜೀವಮಾನ ಪೂರ್ತಿ ಬಡಿದಿದೀನಿ. ಆ ದೊಡ್ಡ ಡ್ರಮ್ಮು ನಂಗೆ."

ಅಲ್ಲಿಗೆ ಮೊದಲ ನೇಮಕಾತಿ ಮುಗಿಯಿತು. ಸಂದರ್ಶನ ನಡೆಸಿದ್ದೂ ಅಭ್ಯರ್ಥಿಯೇ.

ಮರುದಿನ ಸಂಜೆ ಅಕ್ಕ ಬಂದಳು. ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾಗಿದ್ದವಳು. ಅವಳ ಹಿಂದೆ ಎರಡು ಸೂಟ್‌ಕೇಸ್, ಅವುಗಳ ನಡುವೆ ಭಾವನವರು. ಭಾವನವರು ಮಾತಾಡುವುದನ್ನು ಕೇಳಿದವರು ಕಡಿಮೆ. ಮದುವೆಯಾದ ಹೊಸದರಲ್ಲಿ ಒಂದು ವಾಕ್ಯ ಶುರುಮಾಡಿದ್ದರಂತೆ, ಅಕ್ಕ ಅದನ್ನು ಪೂರ್ತಿ ಮಾಡಿದಳಂತೆ. ಅಂದಿನಿಂದ ಆ ವ್ಯವಸ್ಥೆಯೇ ಮುಂದುವರಿದಿತ್ತು. ಹೆಂಡತಿಯ ತಮ್ಮ ಡ್ಯೂಟಿ ಮುಗಿಸಿ ಖಾಕಿ ಬಟ್ಟೆಯಲ್ಲೇ ಬಂದ. ಅವನು ಸಿಟಿ ಬಸ್ಸಿನ ಕಂಡಕ್ಟರು. ಕೊರಳಲ್ಲಿ ಸೀಟಿ.

"ಭಾವ, ಬ್ಯಾಂಡ್ ನಡೆಸೋರಿಗೂ ಇಂಗ್ಲಿಷಲ್ಲಿ ಕಂಡಕ್ಟರ್ ಅಂತಾರಂತೆ. ಹಾಗಾದ್ರೆ ನಾವಿಬ್ರೂ ಒಂದೇ ಡಿಪಾರ್ಟ್‌ಮೆಂಟು!"

ಮೇಷ್ಟ್ರು ಹಲ್ಲು ಕಚ್ಚಿದರು. ಅಕ್ಕ ಅದನ್ನು ಗಮನಿಸಿದಳು.

"ನೋಡಪ್ಪಾ, ಮೊದಲೇ ಹೇಳ್ಬಿಡ್ತೀನಿ. ಆ ಜನ ಯಾಕೆ ಹೋದ್ರು ಅಂತ ನನಗೆ ಗೊತ್ತು. ಇಲ್ಲಿ ಬೈಯೋ ಹಾಗಿಲ್ಲ. ಒಂದು ಸಲ ಬೈದ್ರೆ ಅಡುಗೆಮನೆಗೆ ಹೋಗಿ ಒಂದು ಪಾತ್ರೆ ತಿಕ್ಕಿ ಬರಬೇಕು."

"ಅಕ್ಕಾ, ನಾನು ಬ್ಯಾಂಡ್ ಮೇಷ್ಟ್ರು ಕಣೇ!"

"ನಾನು ಶಾಲೆ ಮೇಷ್ಟ್ರು. ಯಾವುದು ದೊಡ್ಡದು?"

ಮೇಷ್ಟ್ರು ಒಪ್ಪಿದರು. ಬೇರೆ ದಾರಿ ಇರಲಿಲ್ಲ.

ಇದ್ದವರಲ್ಲಿ ನಿಜವಾಗಿ ನುಡಿಸಲು ಬರುತ್ತಿದ್ದದ್ದು ಮಗಳಿಗೆ ಮಾತ್ರ. ಅವಳು ಹಲ್ಲಿನ ಡಾಕ್ಟರ ಸಹಾಯಕಿ. ಚಿಕ್ಕಂದಿನಲ್ಲಿ ಅಪ್ಪನಿಂದಲೇ ಕ್ಲಾರಿಯೊನೆಟ್ ಕಲಿತು, ಅಪ್ಪನ ಬಾಯಿಗೆ ಹೆದರಿ ಬಿಟ್ಟಿದ್ದಳು. ಈಗ ಅದನ್ನೇ ಕೈಗೆತ್ತಿಕೊಂಡಳು. ಹಾಡಿನ ಮುಖ್ಯ ಭಾಗ ಅವಳದು, ಮಿಕ್ಕವರೆಲ್ಲಾ ಬೇಲಿ. ಕಂಡಕ್ಟರ್‌ಗೆ ಟ್ರಂಪೆಟ್ಟು, ಮೂರೇ ಮೂರು ಸ್ವರ. ಹೆಂಡತಿಗೆ ಸಣ್ಣ ಡ್ರಮ್ಮು. ಅಕ್ಕನಿಗೆ ತಟ್ಟೆಯಗಲದ ಕಂಚಿನ ತಾಳ. ಭಾವನವರಿಗೆ ಉಳಿದದ್ದು ಟ್ರಾಂಬೋನು, ಉದ್ದಕ್ಕೆ ಎಳೆದು ತಳ್ಳುವ ಆ ಕೊಳವೆ. ಮೇಷ್ಟ್ರ ತಂದೆ ಕಟ್ಟಿದ್ದ ಒಂದು ನಡಿಗೆಯ ಹಾಡಿತ್ತು. ಅದೊಂದನ್ನೇ ಕಲಿಯುವುದು ಎಂದು ತೀರ್ಮಾನವಾಯಿತು.

ಮೊದಲ ದಿನ ಎಲ್ಲರೂ ಒಟ್ಟಿಗೆ ಶುರುಮಾಡಿದರು. ಒಟ್ಟಿಗೆ ಅಂದರೆ ಒಂದೇ ಸಂಜೆ ಶುರುಮಾಡಿದರು ಎಂದರ್ಥ. ಅತ್ತೆಯವರ ಹೊಡೆತಕ್ಕೆ ಗೋಡೆಯ ಕ್ಯಾಲೆಂಡರು ಕೆಳಗೆ ಬಿತ್ತು. ಅಕ್ಕ ತಾಳ ತಟ್ಟಿದಾಗಲೆಲ್ಲಾ ಶಾಲೆಯ ಗಂಟೆ ನೆನಪಾಗಿ "ಸೈಲೆನ್ಸ್!" ಎಂದು ಸೇರಿಸುತ್ತಿದ್ದಳು. ಕಂಡಕ್ಟರು ಎಲ್ಲಾದರೂ ಒಂದು ಚೂಪು ಸ್ವರ ಕೇಳಿದರೆ ಸೀಟಿಯೆಂದು ಭ್ರಮಿಸಿ ಅಲ್ಲೇ ನಿಂತುಬಿಡುತ್ತಿದ್ದ. ಇನ್ನೊಂದು ಚೂಪು ಸ್ವರ ಬರುವ ತನಕ ಹೊರಡುತ್ತಿರಲಿಲ್ಲ. ಆಶ್ಚರ್ಯವೆಂದರೆ ಭಾವನವರು. ಎದೆ ತುಂಬ ಉಸಿರು ಎಳೆದುಕೊಂಡು ಒಮ್ಮೆ ಊದಿದರು ನೋಡಿ, ಸಂಸಾರ ಹೂಡಿದಂದಿನಿಂದ ಒಳಗೇ ಉಳಿದಿದ್ದ ಮಾತೆಲ್ಲಾ ಒಂದೇ ಬಾರಿಗೆ ಹೊರಬಂದ ಹಾಗಾಯಿತು. ಕಿಟಕಿಯ ಗಾಜು ಗದಗುಟ್ಟಿತು. ಅಕ್ಕ ತಿರುಗಿ ನೋಡಿ, "ಸಾಕು ಮಾಡಿ," ಎಂದಳು. ಭಾವನವರು ಇನ್ನೊಮ್ಮೆ ಊದಿದರು. ಅವಳ ಮಾತು ಅದರಲ್ಲಿ ಮುಳುಗಿಹೋಯಿತು. ಭಾವನವರ ಮುಖದಲ್ಲಿ ಅಂಥ ಪ್ರಸನ್ನತೆಯನ್ನು ಯಾರೂ ಕಂಡಿರಲಿಲ್ಲ.

"ಅಯ್ಯೋ ಕತ್ತೆಗಳಿರಾ..." ಎಂದು ಮೇಷ್ಟ್ರು ಬಾಯಿ ತೆರೆದರು.

"ಪಾತ್ರೆ," ಎಂದಳು ಅಕ್ಕ.

ಮೊದಲ ವಾರ ಆ ಮನೆಯ ಪಾತ್ರೆಗಳು ಕಂಡ ಹೊಳಪನ್ನು ಅವು ಅಂಗಡಿಯಲ್ಲಿದ್ದಾಗಲೂ ಕಂಡಿರಲಿಲ್ಲ. ತಿಕ್ಕಲು ಪಾತ್ರೆ ಮುಗಿದು ಕೆಳಮನೆಯ ವಕೀಲರ ಮನೆಯಿಂದ ಎರವಲು ತಂದದ್ದೂ ಉಂಟು. ಆ ವಕೀಲರು ಮೊದಲ ದಿನ ಗದ್ದಲದ ಮೇಲೆ ದೂರು ಹೇಳಲು ಮೇಲೆ ಬಂದಿದ್ದರು. ಎರಡನೆಯ ದಿನವೂ ಬಂದರು. ಮೂರನೆಯ ದಿನ ಬಂದು, "ಎರಡನೇ ಚರಣದಲ್ಲಿ ಟ್ರಾಂಬೋನು ಸ್ವಲ್ಪ ಹಿಂದೆ ಬೀಳ್ತಾ ಇದೆ," ಎಂದು ಹೇಳಿ ಕುರ್ಚಿ ಎಳೆದುಕೊಂಡು ಕೂತರು.

ಎರಡನೆಯ ವಾರಕ್ಕೆ ಮೇಷ್ಟ್ರು ಹೊಸ ಭಾಷೆ ರೂಢಿಸಿಕೊಂಡರು. ಕೈಯ ಚರ್ಮ ಸುಲಿದಿತ್ತಲ್ಲ, ಅದು ಕಲಿಸಿತು.

"ಪೂಜ್ಯ ಅತ್ತೆಯವರೇ, ತಮ್ಮ ಬಾಹುಬಲಕ್ಕೆ ಸಾಟಿಯಿಲ್ಲ. ಆದರೆ ತಾವು ಹಾಡಿಗಿಂತ ಒಂದು ಹೆಜ್ಜೆ ಮುಂಚಿತವಾಗಿ ಆಗಮಿಸಿದ್ದೀರಿ. ಹಾಡು ಬರೋತನಕ ದಯಮಾಡಿ ಕಾಯಬೇಕು."

"ಹೀಗೆ ಹೇಳಿದ್ರೆ ಅರ್ಥ ಆಗುತ್ತಪ್ಪ," ಎಂದರು ಅತ್ತೆಯವರು. ಮುಂದಿನ ಸಲ ಕಾದರು ಕೂಡ.

ಹೆಂಡತಿ ಹಗಲೆಲ್ಲಾ ಮೆಷಿನ್ ಮುಂದೆ ಕೂತು ಸಮವಸ್ತ್ರಗಳನ್ನು ಸರಿಮಾಡಿದಳು. ಬಿಟ್ಟುಹೋದವರ ಅಳತೆ ಒಂದು, ಬಂದವರ ಅಳತೆ ಇನ್ನೊಂದು. ಎಷ್ಟು ಹಿಡಿದು ಹೊಲಿದರೂ ಡ್ರಮ್ಮಿನ ದಢೂತಿಯ ಕೋಟಿನಲ್ಲಿ ಭಾವನವರು ಬಾಡಿಗೆಗೆ ಇದ್ದಂತೆ ಕಾಣುತ್ತಿದ್ದರು. ಕೋಟಿನ ಇನ್ನೊಂದು ಕೋಣೆ ಖಾಲಿ ಇತ್ತು. ಮಗಳು ಹಲ್ಲಿನ ಆಸ್ಪತ್ರೆಯಿಂದ ಬಂದವಳೇ ಅಪ್ಪನ ಎದುರು ನಿಂತು ಅಭ್ಯಾಸ ಮಾಡುತ್ತಿದ್ದಳು. ಒಂದು ಸಂಜೆ ಅವಳು ಎಲ್ಲೂ ತಪ್ಪದೆ ನುಡಿಸಿ ಮುಗಿಸಿದಳು. ಮೇಷ್ಟ್ರಿಗೆ ಹೊಗಳಿ ಅಭ್ಯಾಸವಿರಲಿಲ್ಲ. "ಹೂಂ," ಎಂದರು. ಮಗಳು ನಕ್ಕಳು. "ಅಪ್ಪಾ, ಶ್ರುತಿ ಸೇರ್ಲಿಲ್ಲ."

ಉದ್ಘಾಟನೆಯ ದಿನ ಬಂತು. ಹೊಸ ಮಳಿಗೆಯ ಮುಂದೆ ಜನಜಾತ್ರೆ. ಒಳಗೆ, ಬಾಗಿಲಿಗೆ ನೇರವಾಗಿ, ಎಸ್ಕಲೇಟರು ಹೊಳೆಯುತ್ತಾ ಮೇಲಕ್ಕೆ ಹರಿಯುತ್ತಿತ್ತು. ಅದರ ಬುಡದಲ್ಲಿ ಎರಡು ಕಂಬ, ನಡುವೆ ಕೆಂಪು ರಿಬ್ಬನ್ನು. ಮುಖ್ಯ ಅತಿಥಿಗಳು ಅದನ್ನು ಕತ್ತರಿಸಿ, ಊರಿನ ಪ್ರಥಮ ಪ್ರಯಾಣಿಕರಾಗಿ ಮೇಲೇರಬೇಕೆಂಬುದು ಯಜಮಾನರ ಕನಸು. ಮುಖ್ಯ ಅತಿಥಿಗಳು ನಗರಸಭೆಯ ಅಧ್ಯಕ್ಷರು. ಆದ್ದರಿಂದ ತಡವಾಗಿ ಬರುವುದು ಅವರ ಕರ್ತವ್ಯವಾಗಿತ್ತು.

"ಅವರು ಬರೋತನಕ ಬಾರಿಸ್ತಾ ಇರಿ," ಎಂದರು ಯಜಮಾನರು.

ಬ್ಯಾಂಡಿಗೆ ಬರುತ್ತಿದ್ದದ್ದು ಒಂದೇ ಹಾಡು. ಬಾಗಿಲ ಹೊರಗೆ ನಿಂತು ಅದನ್ನೇ ನುಡಿಸಿದರು. ಮುಗಿಯಿತು. ಅದನ್ನೇ ನಿಧಾನವಾಗಿ ನುಡಿಸಿದರು. ಆಮೇಲೆ ಬೇಗ. ಆಮೇಲೆ ದುಃಖದಿಂದ. ಆಮೇಲೆ ಅತ್ತೆಯವರು ಒಬ್ಬರೇ. "ಎಷ್ಟೊಂದು ಹಾಡು ಬರುತ್ತಲ್ಲ ಇವರಿಗೆ!" ಎಂದು ಗುಂಪಿನಲ್ಲಿ ಯಾರೋ ಮೆಚ್ಚಿಕೊಂಡರು. ಗುಂಪಿನ ಕೊನೆಯಲ್ಲಿ, ಸೇತುವೆ ಆಚೆಯ ಹೊಸ ಟೋಪಿ ಹಾಕಿಕೊಂಡು, ಬಿಟ್ಟುಹೋದ ವಾದಕರೂ ನಿಂತಿದ್ದರು. ತಮಾಷೆ ನೋಡಲು ಬಂದಿದ್ದರು ಎಂದು ಬೇರೆ ಹೇಳಬೇಕಿಲ್ಲ. ಮೇಷ್ಟ್ರು ಅವರನ್ನು ಕಂಡರು. ಬೆನ್ನು ಇನ್ನಷ್ಟು ನೆಟ್ಟಗಾಯಿತು.

ಅಷ್ಟರಲ್ಲಿ ಅಧ್ಯಕ್ಷರ ಕಾರು ಬೀದಿಯ ತಿರುವಿನಲ್ಲಿ ಕಾಣಿಸಿತು. "ಒಳಗೆ ನಡೀರಿ, ಒಳಗೆ! ನೀವು ಮುಂದೆ, ಅವರು ಹಿಂದೆ!" ಎಂದು ಯಜಮಾನರು ಕೂಗಿದರು.

ಮೇಷ್ಟ್ರು ಬ್ಯಾಂಡಿಗೆ ಮುಖಮಾಡಿ, ಕೋಲು ಎತ್ತಿ, ಹಿಮ್ಮುಖವಾಗಿ ಹೆಜ್ಜೆಯಿಡುತ್ತಾ ಒಳಗೆ ನಡೆದರು. ಅದು ಅವರ ತಂದೆಯಿಂದ ಬಂದ ಗತ್ತು. ಬ್ಯಾಂಡು ಅವರ ಹಿಂದೆ, ಅಂದರೆ ಅವರ ಮುಂದೆ, ಹೆಜ್ಜೆ ಹಾಕಿತು. ಮೊದಲು ಅತ್ತೆಯವರು, ಅವರ ಬೆನ್ನಿಗೆ ಎಲ್ಲರೂ. ಮನೆಯಲ್ಲಿ ಎಲ್ಲವನ್ನೂ ಅಭ್ಯಾಸ ಮಾಡಿಸಿದ್ದ ಮೇಷ್ಟ್ರು ಒಂದನ್ನು ಮಾತ್ರ ಮರೆತಿದ್ದರು. ನಡೆಯುವುದನ್ನು ಕಲಿಸಿದ್ದರು, ನಿಲ್ಲುವುದನ್ನು ಕಲಿಸಿರಲಿಲ್ಲ.

ರಿಬ್ಬನ್ನು ಹತ್ತಿರವಾಗಿದೆಯೆಂದು ಅಂದಾಜಾಗಿ ಮೇಷ್ಟ್ರು ಕೈ ಎತ್ತಿ "ನಿಲ್ಲಿ" ಎಂಬ ಸನ್ನೆ ಮಾಡಿದರು. ದೊಡ್ಡ ಡ್ರಮ್ಮಿನ ಹಿಂದಿದ್ದ ಅತ್ತೆಯವರಿಗೆ ಡ್ರಮ್ಮು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಮಿಕ್ಕವರಿಗೆ ಅತ್ತೆಯವರು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಬ್ಯಾಂಡು ಬಂತು. ಮೇಷ್ಟ್ರು ಸರಿದರು. ಇನ್ನೂ ಬಂತು. ಇನ್ನೂ ಸರಿದರು. ಸೊಂಟಕ್ಕೆ ಏನೋ ತಗುಲಿ "ಪಟ್" ಎಂದಿತು. ಹಿಮ್ಮಡಿಯ ಕೆಳಗೆ ನೆಲ ಹೊರಟಿತು.

ಚಿನ್ನದ ಕುಚ್ಚು, ಎತ್ತರದ ಟೋಪಿ, ಗಾಳಿಯಲ್ಲಿ ಕೋಲು ಬೀಸುತ್ತಿದ್ದ ಕೈ ಸಮೇತ ಮೇಷ್ಟ್ರು ಗಂಭೀರವಾಗಿ, ಬೆನ್ನು ಮುಂದಾಗಿ, ಆಕಾಶಮಾರ್ಗವಾಗಿ ಏರತೊಡಗಿದರು. ದೊಡ್ಡ ಡ್ರಮ್ಮು ಕಂಬಕ್ಕೆ ತಗುಲಿ ಅತ್ತೆಯವರು ಅಲ್ಲೇ ನಿಂತರು, ಅವರ ಹಿಂದೆ ಬ್ಯಾಂಡೂ ನಿಂತಿತು.

ಮಗಳು ಕ್ಲಾರಿಯೊನೆಟ್ಟನ್ನು ಬಾಯಿಂದ ತೆಗೆದು ಚೀರಿದಳು. "ಅಯ್ಯೋ, ಅಪ್ಪ ಮೇಲೆ ಹೋದ್ರು!"

"ಹೋದ್ರೆ ಹೋಗ್ಲಿ, ನೀನು ಊದು!" ಎಂದರು ಅತ್ತೆಯವರು, ಒಂದು ಪೆಟ್ಟೂ ತಪ್ಪದೆ.

ಮಗಳ ಮಾತು ಗುಂಪಿನಲ್ಲಿ ಕಿವಿಯಿಂದ ಕಿವಿಗೆ ಹೊರಗೆ ಹೋಯಿತು. ಹೊರಗಿನ ಬೀದಿಗೆ ತಲುಪುವಷ್ಟರಲ್ಲಿ ಸುದ್ದಿ ಖಚಿತವಾಗಿತ್ತು: ಮೇಷ್ಟ್ರು ಹೋಗಿಬಿಟ್ಟರಂತೆ, ಕೈಯಲ್ಲಿ ಕೋಲು ಹಿಡಿದುಕೊಂಡೇ ಹೋದರಂತೆ. ಸೇತುವೆ ಆಚೆಯ ಟೋಪಿಗಳೆಲ್ಲಾ ತಲೆಯಿಂದ ಕೆಳಗಿಳಿದವು. ಕ್ಲಾರಿಯೊನೆಟ್ಟಿನ ಮುದುಕ ಬಿಕ್ಕಿದ. "ಬೈತಿದ್ರು ಕಣೋ. ಆದ್ರೆ ಮನಸ್ಸಲ್ಲಿ ಏನೂ ಇಟ್ಕೊಳ್ತಿರಲಿಲ್ಲ, ಎಲ್ಲಾ ಬಾಯಲ್ಲೇ ಹೇಳ್ಬಿಡ್ತಿದ್ರು."

ಒಳಗೆ ಯಜಮಾನರು ಕಡಿದು ಬಿದ್ದ ರಿಬ್ಬನ್ನನ್ನು ನೋಡಿ ಬಿಳಿಚಿಕೊಂಡರು. ಅಧ್ಯಕ್ಷರು ಆಗಲೇ ಕಾರಿನಿಂದ ಇಳಿಯುತ್ತಿದ್ದರು. ಇನ್ನೊಬ್ಬ ಉದ್ಘಾಟಿಸಿದ್ದನ್ನು ಮತ್ತೆ ಉದ್ಘಾಟಿಸುವ ಜಾತಿಯ ಮನುಷ್ಯರಲ್ಲ ಅವರು. ಯಜಮಾನರು ಕೂಗಲು ಬಾಯಿ ತೆರೆದರು. ಅಕ್ಕ ಅವರ ಕಿವಿಯ ಪಕ್ಕದಲ್ಲೇ ತಾಳ ಕುಟ್ಟಿದಳು. ಬಾಯಿ ಮುಚ್ಚಿತು.

ಮೇಷ್ಟ್ರ ಹೆಂಡತಿ ಸಣ್ಣ ಡ್ರಮ್ಮನ್ನು ಪಕ್ಕಕ್ಕೆ ಸರಿಸಿ, ಕೋಟಿನ ಕಾಲರಿನ ಹಿಂದಿನಿಂದ ಸೂಜಿ ದಾರ ತೆಗೆದಳು. ಹೊಲಿಯುವವರ ಮೈಮೇಲೆ ಸೂಜಿ ಎಲ್ಲಿ ಇರುವುದಿಲ್ಲ? ನೆಲಕ್ಕೆ ಕೂತು ರಿಬ್ಬನ್ನಿನ ಎರಡು ತುದಿ ಸೇರಿಸಿ ಹೊಲಿಯತೊಡಗಿದಳು. ಅವಳ ಸುತ್ತ ಜನ ಮುತ್ತದ ಹಾಗೆ ಭಾವನವರು ಟ್ರಾಂಬೋನನ್ನು ಎಳೆದು ತಳ್ಳಿ ಎಳೆದು ತಳ್ಳಿ ಮಾಡಿದರು. ಹೊಟ್ಟೆಯ ಮೇಲೆ ಆಸೆಯಿದ್ದವರು ಯಾರೂ ಹತ್ತಿರ ಸುಳಿಯಲಿಲ್ಲ. ಕಂಡಕ್ಟರು ಟ್ರಂಪೆಟ್ಟನ್ನು ಬಗಲಿಗೆ ಸಿಕ್ಕಿಸಿ ಬಾಗಿಲಿಗೆ ಓಡಿದ. ಸೀಟಿ ಊದಿ, ಅಧ್ಯಕ್ಷರ ಎದೆಗೆ ಅಡ್ಡ ಕೈ ಹಿಡಿದ.

"ಹೋಲ್ಡಾನ್ ಸಾರ್, ಹೋಲ್ಡಾನ್! ಮೊದಲು ಇಳಿಯೋರಿಗೆ ಜಾಗ ಬಿಡಿ!"

ಅಧ್ಯಕ್ಷರಾದರೇನು, ಸೀಟಿಗೆ ನಿಲ್ಲದವರುಂಟೇ? ಅವರು ನಿಂತರು. ಇಳಿಯುವವರು ಯಾರೂ ಇರಲಿಲ್ಲ. ಆದರೂ ಕಾದರು.

ಮೇಲೆ ತಲುಪಿದ ಮೇಷ್ಟ್ರು ಸೀರೆ ಉಟ್ಟ ಬೊಂಬೆಯೊಂದನ್ನು ಅಪ್ಪಿಕೊಂಡು ಸಾವರಿಸಿಕೊಂಡರು. "ಕ್ಷಮಿಸಿ," ಎಂದರು ಬೊಂಬೆಗೆ. ಕೂಡಲೇ ಅದೇ ಎಸ್ಕಲೇಟರಿನಲ್ಲಿ ಕೆಳಗೆ ಓಡಿದರು. ಮೇಷ್ಟ್ರು ಇಳಿಯುತ್ತಿದ್ದರು, ಮೆಟ್ಟಿಲು ಏರುತ್ತಿತ್ತು. ಸ್ವಲ್ಪ ಹೊತ್ತು ಇಬ್ಬರೂ ಸರಿಸಮ. ಆಮೇಲೆ ಮೇಷ್ಟ್ರಿಗೆ ಉಸಿರು ಸಾಲದೆ ಮೆಟ್ಟಿಲು ಗೆದ್ದಿತು; ಅವರನ್ನು ಮತ್ತೆ ತಂದು ಬೊಂಬೆಯ ಮುಂದೆ ಇಳಿಸಿತು. ಇನ್ನೊಂದು ದಾರಿಗೆ ಪೆಟ್ಟಿಗೆಗಳನ್ನು ಅಡ್ಡ ಪೇರಿಸಿದ್ದರು. ಬೇರೆ ಗತಿಯಿಲ್ಲದೆ ಕಂಬಿ ಹಿಡಿದು ಕೆಳಗೆ ಬಗ್ಗಿ ನೋಡಿದರು.

ಕೆಳಗೆ ಹಾಡು ನಡೆಯುತ್ತಿತ್ತು. ನಿಂತಿರಲಿಲ್ಲ. ನಿಜ ಹೇಳಬೇಕೆಂದರೆ ಮೊದಲಿಗಿಂತ ಚೆನ್ನಾಗಿತ್ತು. ಕೋಲನ್ನು ನೋಡಿ ಬೆದರುವ ಕೆಲಸ ತಪ್ಪಿದ್ದರಿಂದ ಎಲ್ಲರೂ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಿದ್ದರು. ಅತ್ತೆಯವರು ಎಲ್ಲಿ ಕಾಯಬೇಕೋ ಅಲ್ಲಿ ಕಾಯುತ್ತಿದ್ದರು. ಮಗಳು ಕಣ್ಣು ಮುಚ್ಚಿಕೊಂಡು ನುಡಿಸುತ್ತಿದ್ದಳು, ತಾತನೇ ನುಡಿಸಿದ ಹಾಗೆ. ಹೆಂಡತಿ ನೆಲದ ಮೇಲೆ ಕೂತು ದಾರವನ್ನು ಹಲ್ಲಿನಿಂದ ಕತ್ತರಿಸಿ, ರಿಬ್ಬನ್ನು ಕಂಬಕ್ಕೆ ಕಟ್ಟಿ, ಎದ್ದು ಏನೂ ಆಗದವಳಂತೆ ಡ್ರಮ್ಮಿಗೆ ಕೈಹಚ್ಚಿದಳು. ಮೇಷ್ಟ್ರಿಗೆ ಇವರೆಲ್ಲಾ ನನ್ನ ಮನೆಯ ಜನ ಎಂದು ಯಾರಿಗಾದರೂ ಹೇಳಬೇಕೆನಿಸಿತು. ಹತ್ತಿರ ಇದ್ದದ್ದು ಬೊಂಬೆ ಮಾತ್ರ. ಅದಕ್ಕೇ ಹೇಳಿದರು.

ಅಷ್ಟರಲ್ಲಿ ಬಾಗಿಲಾಚೆ ಟೋಪಿ ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ನಿಂತ ಹಳೆಯ ವಾದಕರು ಕಣ್ಣಿಗೆ ಬಿದ್ದರು. ಬ್ಯಾಂಡಿನವನು ಬೀದಿಯಲ್ಲಿ ಬೋಳುತಲೆ ತೋರಿಸುವುದೇ? ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಟೋಪಿ ಹಾಕ್ಕೊಳ್ರೋ ಕತ್ತೆಗಳಾ!" ಎಂದು ಅಲ್ಲಿಂದಲೇ ಗುಡುಗಿದರು.

ಮುದುಕ ಬೆಚ್ಚಿ ಎಲ್ಲೆಡೆ ನೋಡಿದ. "ಅಯ್ಯೋ, ಅಲ್ಲಿಂದಲೂ ಬೈತಿದಾರಲ್ಲೋ!"

ಅಧ್ಯಕ್ಷರು ರಿಬ್ಬನ್ನು ಕತ್ತರಿಸಿದರು, ಸರಿಯಾಗಿ ಹೊಲಿಗೆಯ ಮೇಲೆಯೇ. ಚಪ್ಪಾಳೆ ಬಿತ್ತು. ಕೈಹಿಡಿಕೆ ಬಿಗಿಹಿಡಿದು, ಪ್ರಥಮ ಪ್ರಯಾಣಿಕರೆಂಬ ಘನತೆಯಿಂದ ಅವರು ಮೇಲೇರಿ ಬಂದರು. ಮೇಲೆ ಬೊಂಬೆಯ ಪಕ್ಕದಲ್ಲಿ ಮೇಷ್ಟ್ರು ನೆಟ್ಟಗೆ ನಿಂತಿದ್ದರು. ಅಧ್ಯಕ್ಷರು ಅವರ ಕುಚ್ಚು, ಹುರಿ, ಟೋಪಿಗಳನ್ನು ಕೆಳಗಿನಿಂದ ಮೇಲಿನ ತನಕ ನೋಡಿದರು.

"ಒಳ್ಳೇ ಡ್ರೆಸ್ಸು. ಬಾಗಿಲು ಕಾಯೋರು ಅಂದ್ರೆ ಹೀಗಿರ್ಬೇಕು," ಎಂದು ತಮ್ಮ ಕೊಡೆಯನ್ನು ಅವರ ಕೈಗೆ ಕೊಟ್ಟು ಮುಂದೆ ನಡೆದರು. ಮೇಷ್ಟ್ರು ಸೆಲ್ಯೂಟ್ ಹೊಡೆದರು. (ಹೊಡೆಯದೆ ಏನು ಮಾಡುವುದು? ನಾನೇ ನಿಮಗಿಂತ ಮೊದಲು ಬಂದವನು ಎನ್ನಲಾಗುತ್ತದೆಯೇ?) ಸಮಾರಂಭ ಮುಗಿಯುವ ತನಕ ಅವರು ಆ ಕೊಡೆ ಹಿಡಿದು ನಿಂತರು. ಇಬ್ಬರು ಹೆಂಗಸರು ಟವೆಲ್ ಎಲ್ಲಿ ಸಿಗುತ್ತದೆಂದು ಕೇಳಿದರು. ತೋರಿಸಿದರು.

ಸಂಜೆ ಮನೆಯಲ್ಲಿ ಎಲ್ಲರೂ ಕಾಲು ಚಾಚಿ ಕೂತಿದ್ದರು. ಭಾವನವರು ಮಾತ್ರ ಟ್ರಾಂಬೋನನ್ನು ತೊಡೆಯ ಮೇಲಿಂದ ಇಳಿಸಿರಲಿಲ್ಲ. ಮೇಷ್ಟ್ರು ಮೂಲೆಯಲ್ಲಿ ಮುದುಡಿದ್ದರು. ರಿಬ್ಬನ್ನು ಹರಿದ ಮೇಲೆ ಇನ್ನು ಆ ಯಜಮಾನರು ತನ್ನ ಮುಖ ನೋಡುತ್ತಾರೆಯೇ? ಮನೆಮಂದಿಯೆಲ್ಲಾ ಪಟ್ಟ ಶ್ರಮವನ್ನು ತನ್ನದೊಂದು ಹೆಜ್ಜೆ ನೀರುಪಾಲು ಮಾಡಿತಲ್ಲ!

ಫೋನ್ ಬಂತು. ಹೆಂಡತಿ ಎತ್ತಿದಳು. "ಹೂಂ... ಹೂಂ... ಹೌದಾ?... ಹೂಂ," ಎಂದಳು. ಮೇಷ್ಟ್ರಿಗೆ ಈಗ ಶ್ರುತಿಯ ಯೋಚನೆ ಬರಲಿಲ್ಲ.

"ಏನಂತೆ?"

"ಜನಕ್ಕೆ ಭಾರೀ ಇಷ್ಟ ಆಯ್ತಂತೆ. ಇನ್ನು ಅವರ ಎಲ್ಲಾ ಅಂಗಡಿಗೂ ನಮ್ಮ ಬ್ಯಾಂಡೇ ಅಂತೆ."

ಕಂಡಕ್ಟರು "ರೈಟ್! ರೈಟ್!" ಎಂದು ಎರಡು ಸೀಟಿ ಹೊಡೆದ. ಅಕ್ಕ ಮೇಷ್ಟ್ರ ತಲೆ ಸವರಿದಳು. ಮಗಳು ಅಜ್ಜಿಯನ್ನು ಎತ್ತಲು ಹೋದರೆ ಅಜ್ಜಿಯೇ ಅವಳನ್ನು ಎತ್ತಿದರು. ಮೇಷ್ಟ್ರು ಎದ್ದು ನಿಂತು ಮೀಸೆ ತಿರುವಿದರು. "ನೋಡಿದ್ರಾ? ಕಲೆಗೆ ಬೆಲೆ ಇದ್ದೇ ಇದೆ. ನಾಳೆಯಿಂದ ಎರಡನೇ ಹಾಡು. ಅತ್ತೆಯವರೇ, ತಾವು..."

"ಒಂದು ಷರತ್ತು ಇದೆಯಂತೆ ರೀ," ಎಂದಳು ಹೆಂಡತಿ, ಸೆರಗಿನಿಂದ ಬಾಯಿ ಒತ್ತಿಕೊಳ್ಳುತ್ತಾ.

"ಏನು?"

"ಮೇಷ್ಟ್ರು ಹಿಂದೆ ಹಿಂದೆ ಹೋಗಿ ಮೇಲೆ ಹೋಗ್ತಾರಲ್ಲ, ಆ ಐಟಂ ಕಡ್ಡಾಯವಾಗಿ ಇರ್ಬೇಕಂತೆ. ಅದಾದ್ಮೇಲೆ ಹಾಡು ತುಂಬಾ ಚೆನ್ನಾಗಿ ಬರುತ್ತಂತೆ."

ಮನೆಯಲ್ಲಿ ಒಂದು ಕ್ಷಣ ಅಕ್ಕ ಹೇಳದೆಯೇ ಸೈಲೆನ್ಸ್ ಆಯಿತು. ಮೇಷ್ಟ್ರು ಎಲ್ಲರ ಮುಖ ನೋಡಿದರು. ಪ್ರತಿಭಟನೆ ಯಾರ ಮುಖದಲ್ಲೂ ಇರಲಿಲ್ಲ.

"ಮುಂದಿನ ಅಂಗಡಿ ಯಾವ ತರಹದ್ದಮ್ಮಾ?" ಎಂದು ಮಗಳು ಕೇಳಿದಳು.

"ಅಲ್ಲಿ ಎಸ್ಕಲೇಟರು ಇಲ್ವಂತೆ. ಲಿಫ್ಟಂತೆ."

"ಒಳ್ಳೇದೇ ಆಯ್ತು," ಎಂದರು ಅತ್ತೆಯವರು. "ಅದಕ್ಕೆ ಬಾಗಿಲು ಇರುತ್ತೆ."

ಮೇಷ್ಟ್ರು ಬಾಯಿ ತೆರೆದರು. ನಾಲಗೆಯ ತುದಿಗೆ ಏನೇನೋ ಬಂತು. ಅಕ್ಕ ಅಡುಗೆಮನೆಯ ಕಡೆ ಕಣ್ಣು ಹಾಯಿಸಿದಳು. ಮೇಷ್ಟ್ರು ಬಾಯಿ ಮುಚ್ಚಿದರು, ಗಂಟಲು ಸರಿಮಾಡಿಕೊಂಡರು.

"ಎಷ್ಟನೇ ಮಹಡಿ ತನಕ?"

"ಕೊನೇ ಮಹಡಿ!" ಎಂದರು ಆರೂ ಜನ, ಒಂದೇ ತಾಳದಲ್ಲಿ, ಒಂದೇ ಶ್ರುತಿಯಲ್ಲಿ.